ಹೂಂ ಅನ್ನುತ್ತಿದ್ದ ಊರು

ಬಹಳ ಹಿಂದೆ, ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಮಣಿಗಾವತಿ ಎಂಬ ರಾಜ್ಯವಿತ್ತು. ಅಲ್ಲೊಂದು ಕಟ್ಟಳೆ. ರಾಜನ ಅಪ್ಪಣೆಯನ್ನು ಡಂಗುರದ ಕೆಂಚಯ್ಯ ಸಾರಬೇಕು, ನೆರೆದ ಜನ "ಹೂಂ" ಅನ್ನಬೇಕು. ಆಗಲೇ ಅದು ಅಪ್ಪಣೆ, ಅಲ್ಲಿಯವರೆಗೆ ಬರೀ ಗಾಳಿಮಾತು. ಆದರೇನು, ತಲೆತಲಾಂತರದಿಂದ ಒಳ್ಳೆಯ ರಾಜರನ್ನೇ ಕಂಡ ಜನಕ್ಕೆ ಕಿವಿಗೊಡುವ ಅಭ್ಯಾಸವೇ ತಪ್ಪಿಹೋಗಿತ್ತು. ಡಂಗುರ ನಿಂತರೆ ಸಾಕು, ಹೂಂ!

ಹೀಗಿರಲು ಕಾಳಜಂಘನೆಂಬ ಮಾಂತ್ರಿಕ ಬಂದ. ರಾಜನನ್ನು ಕಲ್ಲು ಮಾಡಿ ಸಿಂಹಾಸನ ಏರಿದ. ಏರಿದರೂ ಒಂದು ಎಲೆ ಕೂಡ ಅವನ ಮಾತು ಕೇಳಲಿಲ್ಲ. ಕಟ್ಟಳೆಯ ಗುಟ್ಟು ತಿಳಿದ ಆ ಪಾಪಿ ಕೆಂಚಯ್ಯನ ಒಬ್ಬಳೇ ಮಗಳು ನೀಲವ್ವನನ್ನು ಗೊರವಂಕ ಹಕ್ಕಿ ಮಾಡಿ ಪಂಜರಕ್ಕೆ ಹಾಕಿದ.

"ಮೂರು ಅಪ್ಪಣೆ ಸಾರು, ಮಗಳನ್ನು ಬಿಡ್ತೀನಿ. ಇಲ್ಲಾಂದ್ರೆ ಇವಳ ಕತ್ತು ಹಿಸುಕ್ತೀನಿ" ಅಂದ.

ಕೆಂಚಯ್ಯ ಡಂಗುರ ಹೊಡೆದ. "ಹೊಳೆ ದೊರೆಯದು!" ಜನ ಹೂಂ ಅಂದರು. ಹೊಳೆ ಕರಿಹಾವಾಗಿ ಅರಮನೆಯನ್ನು ಸುತ್ತಿಕೊಂಡಿತು.

ಕೆಲವು ದಿನ ಕಳೆದು ಮತ್ತೆ ಹೊಡೆದ. "ಹೊಲ ದೊರೆಯದು!" ಹೂಂ. ನಿಂತ ಜೋಳವೆಲ್ಲ ಈಟಿ ಹಿಡಿದ ದಂಡಾಗಿ ಕೋಟೆಯ ಕಡೆ ನಡೆದುಹೋಯಿತು.

ಇನ್ನು ಸಾರಬೇಕಿದ್ದ ಮೂರನೆಯ ಅಪ್ಪಣೆ, "ಮಕ್ಕಳು ದೊರೆಯವರು." ಜನ ಎಂದಿನಂತೆ ಬಾಯಿ ತೆರೆದೇ ನಿಂತಿದ್ದರು. ಮಾಂತ್ರಿಕನ ಕೈಯ ಪಂಜರದಿಂದ ಗೊರವಂಕ ಕೆಂಚಯ್ಯನನ್ನೇ ನೋಡುತ್ತಿತ್ತು.

"ಮಗಳೇ, ಕ್ಷಮಿಸು" ಎಂದು ಅತ್ತು, ಜನದ ಕಡೆ ತಿರುಗಿದ. "ಅಣ್ಣಂದಿರಾ, ಅಕ್ಕಂದಿರಾ, ನಿಮ್ಮ ಕಾಲಿಗೆ ಬೀಳ್ತೀನಿ, ಈ ಸಲ ಕಿವಿಗೊಟ್ಟು ಕೇಳಿ! ನಿಮ್ಮ ಮಕ್ಕಳನ್ನೇ ಬೇಡ್ತಿದ್ದಾನೆ. ನನ್ನ ಮಗಳು ಉಳೀಲಿ ಅಂತ ಎರಡು ಸಲ ನಿಮಗೆ ದ್ರೋಹ ಮಾಡಿದೆ. ಹೂಂ ಅನ್ನಬೇಡಿ!"

ಮುದುಕಿ ಸಾತವ್ವ ಮೊಮ್ಮಗಳನ್ನು ಸೆರಗಿನೊಳಗೆ ಎಳೆದುಕೊಂಡು "ಊಹೂಂ" ಅಂದಳು. ಆಮೇಲೆ ಎಲ್ಲರೂ ಅಂದರು.

ಜನ ಒಲ್ಲೆ ಅಂದ ದೊರೆಗೆ ಆ ನೆಲದಲ್ಲಿ ಉಳಿವಿರಲಿಲ್ಲ. ಕತ್ತು ಹಿಸುಕಲು ಚಾಚಿದ ಕಾಳಜಂಘನ ಕೈ ಬೂದಿಯಾಯಿತು, ಕಿರೀಟ ಬೂದಿಯಾಯಿತು, ಅವನೂ ಬೂದಿಯಾದ. ಹೊಳೆ ಹರಿಯಿತು, ಜೋಳ ಹೊಲಕ್ಕೆ ಮರಳಿತು, ಕಲ್ಲಾಗಿದ್ದ ರಾಜ ಉಸಿರೆಳೆದ. ನೀಲವ್ವ ಅಪ್ಪನ ತೋಳಿಗೆ ಬಿದ್ದಳು.

"ಅಪ್ಪಾ, ಹೊಳೆ ಹೋದ ದಿನವೇ ಯಾಕೆ ಹೇಳಲಿಲ್ಲ?"

"ನಿನ್ನ ಜೀವ, ಮಗಳೇ..."

"ಊರ ಮಕ್ಕಳೆಲ್ಲ ನೀರಿಲ್ಲದೆ ಒದ್ದಾಡಿದರಲ್ಲಪ್ಪಾ."

ಕೆಂಚಯ್ಯ, ರಾಜ ಹೊದಿಸಲು ಬಂದ ಶಾಲನ್ನು ಬೇಡವೆಂದು, ಡಂಗುರವನ್ನು ಸಾತವ್ವನ ಕೈಗೆ ಕೊಟ್ಟ.

ಆಮೇಲೆ ಮಣಿಗಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು, ಅಪ್ಪ ಮಗಳೂ ಸುಖವಾಗಿದ್ದರು. ಅಪ್ಪಣೆ ಬಂದಾಗ ಕೆಂಚಯ್ಯ ಜನದ ನಡುವೆ ನಿಂತು ಕೇಳುತ್ತಿದ್ದ. ಎಲ್ಲರಿಗಿಂತ ಕೊನೆಗೆ ಹೂಂ ಅನ್ನುತ್ತಿದ್ದವನು ಅವನೇ.