ಚುಯ್‌ಬೋ ಊರಿನ ಪೂರ್ವ ಗಡಿ

“ಅದನ್ನ ಮುಟ್ಬೇಡಮ್ಮ,” ಎಂದ ಮುದುಕ. “ಅಳತೆ ಎಲ್ಲಿ ಬೇಕಾದ್ರೂ ಮಾಡ್ಕೋ. ಆ ಬಿದಿರನ್ನ ಮಾತ್ರ ಕೀಳ್ಬೇಡ.”

ಗಡಿ ಅಳೆಯಲು ಬಂದಿದ್ದ ಯುನ್‌ಚಿಂಗ್ ಹಣೆಯ ಬೆವರು ಒರೆಸಿಕೊಂಡು ನಕ್ಕಳು. ಎದುರಿಗಿದ್ದದ್ದು ಮೊಳಕಾಲೆತ್ತರದ ಒಂದು ಬಿದಿರುಗೂಟ. ತಲೆಗೆ ಮಾಸಿದ ಕೆಂಪು ಬಟ್ಟೆ, ನಡುವಿಗೆ ಹಳದಿ ಕಾಗದದ ಮಂತ್ರದ ಚೀಟಿ. ಚುಯ್‌ಬೋ ಊರಿನಲ್ಲಿ ಇಂಥವು ಐದಿದ್ದವು. ನಾಲ್ಕು ದಿಕ್ಕಿಗೆ ನಾಲ್ಕು, ಗುಡಿಯ ಮುಂದೆ ಒಂದು. ಒಂದೊಂದರಲ್ಲೂ ದೇವರ ಒಂದೊಂದು ದಂಡು ಕಾವಲಿದೆ ಎಂದು ಊರಿನವರ ನಂಬಿಕೆ.

“ಅಜ್ಜಾ, ಶುಕ್ರವಾರ ವಿಚಾರಣೆ. ನಿಮ್ಮೂರನ್ನ ನಗರಕ್ಕೆ ಸೇರಿಸ್ಬೇಕೋ ಬೇಡ್ವೋ ಅಂತ ನಗರದೋರೂ ನಿಮ್ಮ ಪಂಚಾಯ್ತಿಯೋರೂ ಎರಡು ವರ್ಷದಿಂದ ಜುಟ್ಟು ಹಿಡ್ಕೊಂಡು ಕೂತಿದಾರೆ. ಹಳೇ ನಕ್ಷೆಯ ಗಡಿ ಸರಿಯಾಗಿ ಈ ಗೂಟದ ಕೆಳಗೇ ಇದೆ. ನನ್ನ ಯಂತ್ರ ಇಲ್ಲೇ ನಿಲ್ಬೇಕು. ಐದು ಬಿದಿರುಕಡ್ಡಿಗೆ ಹೆದರಿ ನಗರ ಬೆಳೆಯೋದು ನಿಲ್ಲುತ್ತಾ?”

ಗುಡಿ ನೋಡಿಕೊಳ್ಳುವ ಖಿಮ್‌ಸಾಂಗ್ ಅಜ್ಜನಿಗೆ ಎಪ್ಪತ್ತರ ಮೇಲಾಗಿತ್ತು. ಕಣ್ಣಿಗೆ ಪೊರೆ ಬಂದು ಹತ್ತು ಹೆಜ್ಜೆಯಾಚೆ ಎಲ್ಲವೂ ಮಂಜು. ಆದರೂ ಪೂರ್ವದ ಕಡೆ, ಮೀನುಕೊಳಗಳ ನಡುವಿನ ಏರಿಯ ಕಡೆ, ಮುಖ ತಿರುಗಿಸಲು ಅವನು ಒಪ್ಪಲಿಲ್ಲ.

“ನಂಗೆ ಹತ್ತು ವರ್ಷ ಇದ್ದಾಗ ಆಚೆ ಊರಿನೋರಿಗೂ ನಮಗೂ ಈ ಕೊಳದ ಗಡಿಗೆ ಜಗಳ ಆಯ್ತು. ಅವ್ರು ಸೋತ್ರು. ಸೋತ ಸಿಟ್ಟಿಗೆ ಮಾಟ ಮಾಡ್ಸಿದ್ರು. ಒಂದೇ ತಿಂಗಳಲ್ಲಿ ನಮ್ಮೂರಲ್ಲಿ ಹನ್ನೊಂದು ಹೆಣ ಬಿತ್ತು. ಈ ಗೂಟ ಹೊಡೆದ್ಮೇಲೆ ಅದು ನಿಂತಿತು. ನಿಂತಿದ್ದು ಅಷ್ಟೆ ಕಣಮ್ಮ, ಹೋಗ್ಲಿಲ್ಲ. ಆಚೆ ಕಾಯ್ತಾ ಇದೆ.”

“ಅರವತ್ತು ವರ್ಷ ಕಾಯೋಕೆ ಅದೇನು ಸರ್ಕಾರಿ ಆಫೀಸಿಗೆ ಅರ್ಜಿ ಹಾಕಿದ್ಯಾ?”

ಅಳತೆಗೆ ಕೋಲು ಹಿಡಿಯುವ ಹಾಯ್‌ಸೆಂಗ್ ಮಾತ್ರ ನಗಲಿಲ್ಲ. ಒಂಬತ್ತು ವರ್ಷದಿಂದ ಅವಳ ಜೊತೆ ಹೊಲ ಗದ್ದೆ ಅಳೆದವನು, ಐವತ್ತು ದಾಟಿದವನು. ಬಾಯಲ್ಲಿದ್ದ ಅಡಕೆ ಉಗಿದು ಮೆಲ್ಲಗೆ ಹೇಳಿದ: “ಮೇಡಂ, ಒಂದು ಊದಿನಕಡ್ಡಿ ಹಚ್ಚಿ ದೇವರನ್ನ ಕೇಳ್ಬಿಡೋಣ. ನಮ್ಮ ಗಂಟೇನು ಹೋಗುತ್ತೆ?”

“ಹೊತ್ತು ಹೋಗುತ್ತೆ, ಹಾಯ್‌ಸೆಂಗಣ್ಣ. ನೀವು ಕೋಲು ತಗೊಂಡು ಏರಿಯ ತುದಿಗೆ ನಡೀರಿ.”

ಅವಳು ಎರಡೂ ಕೈಯಲ್ಲಿ ಗೂಟ ಹಿಡಿದು ಎಳೆದಳು. ಬೇರುಬಿಟ್ಟ ಹಲ್ಲು ಕಿತ್ತುಬಂದಂತೆ ಅದು ಲಟಕ್ಕೆಂದು ಬಂತು. ಕುಳಿಯಿಂದ ಮುಚ್ಚಿಟ್ಟ ಬಾವಿಯ ತಣ್ಣನೆಯ ವಾಸನೆ ಎದ್ದಿತು, ಅದರೊಳಗೆ ಸುಟ್ಟ ಕೂದಲಿನ ಕಮಟು. ಮುದುಕ ಗುಡಿಯತ್ತ ಎಡವುತ್ತ ಓಡಿದ.

ನೆತ್ತಿಯ ಮೇಲೆ ಸೂರ್ಯ. ಕೊಳದ ನೀರು ತಗಡಿನಂತೆ ಹೊಳೆಯುತ್ತಿತ್ತು. ನೀರಿಗೆ ಗಾಳಿ ಕಡೆಯುವ ಚಕ್ರಗಳ ಸದ್ದು ಎಲ್ಲೆಡೆ. ಯುನ್‌ಚಿಂಗ್ ಕುಳಿಯ ಮೇಲೆ ಮುಕ್ಕಾಲಿ ನಿಲ್ಲಿಸಿ, ಯಂತ್ರ ಕೂರಿಸಿ, ಮಸೂರಕ್ಕೆ ಕಣ್ಣಿಟ್ಟಳು. ದೂರದಲ್ಲಿ ಹಾಯ್‌ಸೆಂಗ್ ಕನ್ನಡಿ ಕಟ್ಟಿದ ಕೋಲು ಹಿಡಿದು ನೆಟ್ಟಗೆ ನಿಂತಿದ್ದ. ಗುಂಡಿ ಒತ್ತಿದಳು. ಪರದೆಯ ಮೇಲೆ ಅವನಿರುವ ದೂರ: ಇನ್ನೂರ ಹನ್ನೆರಡು ಮೀಟರ್.

ಖಾತರಿಗೆ ಇನ್ನೊಮ್ಮೆ ಒತ್ತಿದಳು. ನೂರ ಎಪ್ಪತ್ತು.

“ಅಣ್ಣಾ, ಅಲುಗಾಡ್ಬೇಡಿ!”

“ನಿಂತಲ್ಲೇ ಇದೀನಲ್ಲ ಮೇಡಂ!”

ನೂರ ಮೂವತ್ತು.

ಪೂರ್ವದ ಕೊನೆಯ ಕೊಳದಲ್ಲಿ ಚಕ್ರ ನಿಂತಿತು. ಆಮೇಲೆ ಅದರ ಈಚಿನದು. ಆಮೇಲೆ ಅದಕ್ಕೂ ಈಚಿನದು. ಒಂದೊಂದು ಸದ್ದು ಆರಿದಂತೆಲ್ಲ ಮೌನ ಏರಿಯುದ್ದಕ್ಕೂ ನಡೆದು ಬರುತ್ತಿರುವಂತೆ ಅವಳಿಗೆ ಅನ್ನಿಸಿತು. ತಲೆಯೆತ್ತಿ ನೋಡಿದಳು. ಖಾಲಿ ಏರಿ, ತುದಿಯಲ್ಲಿ ಹಾಯ್‌ಸೆಂಗ್ ಒಬ್ಬನೇ.

ಮತ್ತೆ ಮಸೂರಕ್ಕೆ ಕಣ್ಣಿಟ್ಟಳು.

ಅವಳಿಗೂ ಅವನಿಗೂ ನಡುವೆ ಯಾರೋ ನಿಂತಿದ್ದರು.

ಮೈಯೆಲ್ಲ ಒದ್ದೆ. ಒದ್ದೆ ಕೂದಲು ಮಂಡಿಯವರೆಗೆ. ಮುಖ ಇರಬೇಕಾದ ಕಡೆಯೂ ಕೂದಲೇ. ಕಾಲು ಆಡುತ್ತಿರಲಿಲ್ಲ. ಆದರೂ ಅದು ದೊಡ್ಡದಾಗುತ್ತಿತ್ತು. ತೊಂಬತ್ತು. ಅವಳ ಬೆರಳು ಗುಂಡಿಯ ಮೇಲಿರಲಿಲ್ಲ. ಅಂಕಿ ತಾನಾಗಿಯೇ ಇಳಿಯುತ್ತಿತ್ತು. ಎಪ್ಪತ್ತು. ಸುಟ್ಟ ಕೂದಲಿನ ವಾಸನೆ. ಐವತ್ತೈದು.

“ಗೂಟ ಹೊಡಿಯಮ್ಮಾ!” ಹಿಂದಿನಿಂದ ಮುದುಕನ ಕೂಗು. ಒಂದು ಕೈಯಲ್ಲಿ ಹೊಸ ಮಂತ್ರದ ಚೀಟಿ, ಇನ್ನೊಂದರಲ್ಲಿ ಕೊಡತಿ. “ಕಿತ್ತ ಕೈಯೇ ಹೊಡೀಬೇಕು. ನಾನು ಹೊಡೆದ್ರೆ ನಿಲ್ಲಲ್ಲ!”

ಅವಳು ಮುಕ್ಕಾಲಿ ಪಕ್ಕಕ್ಕೆ ಎಳೆದಿಟ್ಟು ಮಂಡಿಯೂರಿದಳು. ಗೂಟವನ್ನು ಕುಳಿಗೆ ತುರುಕಿದಳು. ಚೀಟಿ ಸುತ್ತಿದಳು. ಕೊಡತಿ ಎತ್ತಿದಳು. ಮುದುಕ ಅವಳ ಮಣಿಕಟ್ಟು ಹಿಡಿದ.

“ತಡಿ. ಹೊರಗಡೆ ಯಾರಾದ್ರೂ ಇದಾರಾ? ಇದ್ರೆ ಮೊದ್ಲು ಒಳಗೆ ಕರಿ. ಗಡಿ ಮುಚ್ಚಿದ್ರೆ ಅದು ಬರಿಗೈಲಿ ಹೋಗಲ್ಲ.”

ಪೊರೆಗಟ್ಟಿದ ಕಣ್ಣು ಅವಳ ಮುಖವನ್ನೇ ನೋಡುತ್ತಿತ್ತು. ದೂರದಲ್ಲಿ ಹಾಯ್‌ಸೆಂಗ್ ಕೈ ಬೀಸಿದ, ಆಯಿತಾ ಎಂದು ಕೇಳುವಂತೆ. ಇನ್ನೂರ ಹನ್ನೆರಡು ಮೀಟರ್. ಅವನು ಓಡಿ ಬರಲು ಅರ್ಧ ನಿಮಿಷವಾದರೂ ಬೇಕು. ಅವಳ ಕೆನ್ನೆಗೆ ಆಗಲೇ ತಣ್ಣನೆಯ ಉಸಿರು ತಾಗುತ್ತಿತ್ತು.

“ಯಾರೂ ಇಲ್ಲ,” ಎಂದಳು ಯುನ್‌ಚಿಂಗ್.

ಹೊಡೆದಳು. ಮತ್ತೆ ಹೊಡೆದಳು. ಮೂರನೆಯ ಪೆಟ್ಟಿಗೆ ಗೂಟ ನೆಲ ಕಚ್ಚಿತು. ಉಸಿರು ಹಿಂದೆ ಸರಿಯಿತು. ಅವಳು ಮಸೂರಕ್ಕೆ ಬಾಗಿದಳು. ನೋಡಬಾರದಿತ್ತು. ಅದು ಬೆನ್ನು ತಿರುಗಿಸಿತ್ತು. ಚಿಕ್ಕದಾಗುತ್ತ ಹೋಯಿತು. ಹಾಯ್‌ಸೆಂಗ್‌ನ ಹತ್ತಿರ ಹೋಯಿತು. ಅವನಿಗೆ ಏನೂ ಕಾಣಲಿಲ್ಲ. ಇನ್ನೊಮ್ಮೆ ಕೈ ಬೀಸಲು ತೋಳೆತ್ತಿದ. ಎತ್ತಿದ ತೋಳು ಹಾಗೆಯೇ ನಿಂತಿತು.

ಕೊಳಗಳಲ್ಲಿ ಚಕ್ರಗಳು ಮತ್ತೆ ತಿರುಗಿದವು.

ಸ್ವಲ್ಪ ಹೊತ್ತಿನ ಮೇಲೆ ಹಾಯ್‌ಸೆಂಗ್ ಕೋಲು ಹೆಗಲಿಗಿಟ್ಟುಕೊಂಡು ನಡೆದು ಬಂದ. ಗೂಟಕ್ಕೆ ಒಂದು ಹೆಜ್ಜೆ ದೂರದಲ್ಲಿ ನಿಂತ. ಮೈಮೇಲೆ ಒಂದು ಹನಿ ಬೆವರಿರಲಿಲ್ಲ.

“ಅಳತೆ ಬಂತಾ ಮೇಡಂ?”

ಆ ದನಿ ಕೇಳಿ ಮುದುಕ ಬಿಳುಚಿಕೊಂಡ. ಅವಳ ಕಡೆ ತಿರುಗಿದ. ಕೊಡತಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಹೊರಟುಹೋದ. ಹಾಯ್‌ಸೆಂಗ್ ಗಡಿ ದಾಟಲಿಲ್ಲ. ಕೊಳಗಳನ್ನು ಬಳಸಿಕೊಂಡು, ದೊಡ್ಡ ರಸ್ತೆಗೆ ಹೋಗಿ, ಬಸ್ಸು ಹತ್ತಿದ.

ಶುಕ್ರವಾರದ ವಿಚಾರಣೆಯಲ್ಲಿ ಯುನ್‌ಚಿಂಗ್ ಪೂರ್ವದ ಗಡಿ ಗೊತ್ತುಮಾಡಲಾಗಲಿಲ್ಲ ಎಂದು ಬರೆದುಕೊಟ್ಟಳು. ನಗರದ ವಕೀಲ ಕೂಗಾಡಿದ. ಪಂಚಾಯ್ತಿಯವರು ಪಟಾಕಿ ಹೊಡೆದರು. ಚುಯ್‌ಬೋ ನಗರದ ಹೊರಗೇ ಉಳಿಯಿತು. ಊರಿನವರು ಅವಳಿಗೆ ಒಂದು ಪೆಟ್ಟಿಗೆ ಮೀನು ಕಳಿಸಿದರು. ಖಿಮ್‌ಸಾಂಗ್ ಅಜ್ಜ ಅದಕ್ಕೆ ಒಂದು ಮೀನೂ ಕೊಡಲಿಲ್ಲವೆಂದು ತಂದವನು ಹೇಳಿದ.

ಸೋಮವಾರ ಊಟದ ಹೊತ್ತಿಗೆ ಹಾಯ್‌ಸೆಂಗ್‌ನ ಹೆಂಡತಿಯ ಫೋನ್ ಬಂತು.

“ಮೇಡಂ, ಇವ್ರು ಮನೆ ಒಳಗೇ ಬರ್ತಿಲ್ಲ. ನಾಲ್ಕು ದಿನದಿಂದ ಹೊಸ್ತಿಲಾಚೆ ನಿಂತಿದಾರೆ. ಉಣ್ಣಲ್ಲ, ಕೂರಲ್ಲ. ನಿಮ್ಮ ಆಫೀಸಿನ ದಿಕ್ಕಿಗೇ ಮುಖ ಮಾಡಿದಾರೆ. ಇವತ್ತು ಬೆಳಿಗ್ಗೆ ನಡೆಯೋಕೆ ಶುರು ಮಾಡಿದ್ರು. ನಾನೂ ಜೊತೇಲೇ ಬರ್ತಿದೀನಿ. ಏನಾಯ್ತು ಮೇಡಂ ಅಲ್ಲಿ? ನೀವು ಜೊತೇಲಿದ್ರಲ್ಲ?”

ಯುನ್‌ಚಿಂಗ್ ಫೋನನ್ನು ಕಿವಿಗೆ ಒತ್ತಿಕೊಂಡಳು. ಫೋನಿನ ಆ ಕಡೆ, ಹೆಂಗಸಿನ ಬಿಕ್ಕಿನ ಹಿಂದೆ, ಒಂಬತ್ತು ವರ್ಷ ಕೇಳಿದ ದನಿಯೊಂದು ನಿಧಾನವಾಗಿ ಅಂಕಿ ಎಣಿಸುತ್ತಿತ್ತು.

“ನಾನೂರ ಹತ್ತು... ನಾನೂರು... ಮುನ್ನೂರ ತೊಂಬತ್ತು...”