ಸಾಲಿನ ಕೊನೆಯವನು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಎರಡು ದೇಶಗಳಿಗೆ ಹಬ್ಬಿದ ಆ ಮಳೆಕಾಡನ್ನು ಸೀಳಿ ರಸ್ತೆ ಬರಬಾರದೆಂದರೆ, ಕಾಡಿನ ಜನರ ಹಳೆಯ ಕಾಲುದಾರಿ ಇನ್ನೂ ಬಳಕೆಯಲ್ಲಿದೆಯೆಂದು ಅಂದು ಗಡಿಕಲ್ಲಿನವರೆಗೆ ನಡೆದು ತೋರಿಸಬೇಕಿತ್ತು. ಆಚೆ ದೇಶದ ಅಧಿಕಾರಿ ಅಲ್ಲಿ ಕಾಯುತ್ತಿದ್ದ.

ಆ ಜನರದ್ದೊಂದು ಕಟ್ಟಳೆಯಿದೆ. ಮುಂದೆ ನಡೆಯುವವರು ಆಗಾಗ ಕೂಗುತ್ತಾರೆ, ಸಾಲಿನ ಕೊನೆಯವನು "ಬಂದೆ" ಅನ್ನಬೇಕು. ಅನ್ನದಿದ್ದರೆ ಎಲ್ಲರೂ ಅಲ್ಲಿಂದಲೇ ವಾಪಸ್. ಅಂದು ಮುಂದೆ ಅವರಲ್ಲೊಬ್ಬ ಅಜ್ಜಿ, ನಡುವೆ ಅವಳ ಅಳಿಯ, ಕೊನೆಯಲ್ಲಿ ಸರ್ವೆಯವನಾದ ನಾನು ಮತ್ತು ನನ್ನ ಹೊಟ್ಟೆ.

ಏರಿನಲ್ಲಿ ಜಾರಿ ಬಿದ್ದೆ. ಬಾಯಿ ತುಂಬ ಕೆಸರು. ಅಷ್ಟರಲ್ಲೇ ಅಜ್ಜಿ ಕೂಗಿದಳು. ಕೆಟ್ಟಿತು ಕೆಲಸ ಅಂದುಕೊಂಡೆ. ಜೀರುಂಡೆಗಳೆಲ್ಲ ಒಮ್ಮೆಗೇ ಸುಮ್ಮನಾದವು. ಬೆವರಿದ ಕತ್ತಿಗೆ ತಣ್ಣನೆಯ ಉಸಿರು ತಾಗಿತು. "ಬಂದೆ" ಅಂದಿತು ಹಿಂದಿನಿಂದ, ನನ್ನದೇ ದನಿಯಲ್ಲಿ, ನನ್ನಂತೆಯೇ ಏದುತ್ತ. ತಿರುಗಿದರೆ ಯಾರೂ ಇಲ್ಲ.

ಗಡಿಕಲ್ಲು ಮುಟ್ಟಿದೆವು. ಅಧಿಕಾರಿ ಒಪ್ಪಿದ, ಕಾಡು ಉಳಿಯಿತು. ಅಜ್ಜಿಯ ಕಿವಿಯಲ್ಲಿ ಸಂಗತಿ ಹೇಳಿದೆ.

"ಅದಕ್ಯಾಕಪ್ಪ ಹಿಂಗೆ ಬೆವರ್ತೀಯ? ನಿನ್ ಕೆಲಸ ಯಾರೋ ಪುಣ್ಯಾತ್ಮರು ಮಾಡ್ಕೊಟ್ಟಿದ್ದಾರೆ, ಸುಮ್ನೆ ನಡಿ."

"ನಾನು ಕೊನೇಲಿ ಬರಲ್ಲ ಅಜ್ಜಿ."

"ಸರಿ, ನೀನೇ ಮುಂದೆ ನಡಿ. ಕೊನೇಲಿ ನಾನಿರ್ತೀನಿ."

ವಾಪಸು ಬರುವಾಗಲೂ ಅಳಿಯ ನಡುವೆಯೇ ಇದ್ದ. ಇಳಿಜಾರಿನಲ್ಲಿ, ಧೈರ್ಯ ಮಾಡಿ ಕೂಗಿದೆ. "ಬಂದೆ" ಅಂತ ಉತ್ತರ ಬಂತು. ಮತ್ತೆ ನನ್ನದೇ ದನಿ.

"ಏನಜ್ಜಿ, ತಮಾಷೆ ಮಾಡ್ತೀಯಾ?"

"ನಾನಿನ್ನೂ ಬಾಯೇ ಬಿಟ್ಟಿಲ್ಲ ಕಣಪ್ಪ," ಅಂದಳು ಅಜ್ಜಿ. "ನೀನು ಸ್ವಲ್ಪ ಬೇಗ ಹೆಜ್ಜೆ ಹಾಕು. ಇವನು ನನ್ನ ಹಿಮ್ಮಡಿ ತುಳೀತಿದ್ದಾನೆ."