‘ಯೈಶೆಕ್’ ಅನ್ನದವನು

ಉಪ್ಪಿನ ಡಬ್ಬಿ ಕೈಗಿತ್ತರೂ ಟ್ಯೂನಿಸ್‌ನಲ್ಲಿ ನಾವು ‘ಯೈಶೆಕ್’ ಅನ್ನುತ್ತೇವೆ. ದೇವರು ನಿನ್ನನ್ನು ಬದುಕಿಸಿಡಲಿ ಎಂದು ಅರ್ಥ. ಅರ್ಥವನ್ನು ಯಾರೂ ಯೋಚಿಸುವುದಿಲ್ಲ, ಅದು ಬರೀ ಥ್ಯಾಂಕ್ಸ್. ಕಚೇರಿಯಲ್ಲಿ ನನ್ನ ಪಕ್ಕ ಕೂರುವ ಲಸ್ಸಾದ್ ಬಾಗಿಲು ಕಾಯುವವನಿಗೂ ಅನ್ನುತ್ತಾನೆ, ಲಿಫ್ಟಿಗೂ ಅನ್ನುತ್ತಾನೆ. ನನಗೆ ಮಾತ್ರ ಫ್ರೆಂಚಿನ ಥ್ಯಾಂಕ್ಸ್, ‘ಮೆರ್ಸಿ, ಮದಾಮ್ ದುರ್ರಾ.’

ನನ್ನ ಗಂಡ ಅನಿಸ್ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಮರಳಿದಾಗಿನಿಂದ ಹೀಗೆ. ಗಂಡ ಸತ್ತವಳ ಪಕ್ಕದ ಕುರ್ಚಿ ಅವನಿಗೆ ಬೇಡವಾಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದೂ ಆಯಾಸವೇ.

ನಾವಿಬ್ಬರೂ ವಿದೇಶಾಂಗ ಕಚೇರಿಯ ಯುರೋಪ್ ವಿಭಾಗದವರು. ಮುಂದಿನ ವರ್ಷ ಆ ದೇಶಗಳೊಂದಿಗೆ ಯಾವ ಮಾತುಕತೆ ಮೊದಲು, ಯಾವುದು ಆಮೇಲೆ ಎಂಬ ಯೋಜನೆ ಬರೆಯುತ್ತಿದ್ದೆವು. ಆಲಿವ್ ಎಣ್ಣೆ, ಮೀನುಗಾರಿಕೆ, ವಿದ್ಯಾರ್ಥಿಗಳ ವೀಸಾ.

“ವೀಸಾ ವಿಷಯ ಯುರೋಪಿನವರು ‘ಆದಷ್ಟು ಬೇಗ’ ಅಂತ ಬರೆದಿದ್ದಾರೆ,” ಎಂದೆ.

“ಅಂದ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೆ.”

“ನಮ್ಮ?”

ಅವನ ಕಿವಿಗಳು ಕೆಂಪಾದವು. “ದೇಶದ ಮೊಮ್ಮಕ್ಕಳು, ಮದಾಮ್.”

ನಗು ಗಂಟಲವರೆಗೆ ಬಂದು ನಿಂತಿತು. ಅದಕ್ಕೆ ದಾರಿ ಮರೆತುಹೋಗಿತ್ತು.

ನಿರ್ದೇಶಕರಾದ ಮುಂದಿರ್ ಬಾಗಿಲಲ್ಲಿ ಇಣುಕಿದರು. “ಬ್ರಸೆಲ್ಸ್‌ನಲ್ಲಿ ಮೂರು ವರ್ಷ ಕೂರೋಕೆ ಯಾರನ್ನ ಕಳಿಸೋಣ? ಊಟಕ್ಕೆ ಮುಂಚೆ ಹೆಸರು ಕೊಡಮ್ಮ ದುರ್ರಾ.”

“ನಾನೇ ಹೋಗ್ತೀನಿ,” ಎಂದ ಲಸ್ಸಾದ್, ನನ್ನತ್ತ ನೋಡದೆ.

ಅವರು ಹೋದ ಮೇಲೆ ಕೇಳಿದೆ: “ನಿಮಗೆ ಚಳಿ ಆಗಿಬರಲ್ಲ ಅಂತಿದ್ರಲ್ಲ?”

“ಕೋಟು ತಗೊಳ್ತೀನಿ.”

ಕಾಫಿಗೆ ಒಂದು ಹನಿ ಕಿತ್ತಳೆ ಹೂವಿನ ನೀರು ಹಾಕಿ ಅವನತ್ತ ಸರಿಸಿದೆ.

“ಮೆರ್ಸಿ, ಮದಾಮ್...”

“ಲಿಫ್ಟಿಗೆ ಯೈಶೆಕ್, ನನಗೆ ಮೆರ್ಸಿ. ನಾನೇನು ಫ್ರೆಂಚ್ ರಾಯಭಾರಿನಾ?”

ಅವನು ಬಟ್ಟಲನ್ನು ತಿರುಗಿಸುತ್ತ ಕುಳಿತ. “ಅವತ್ತು ಅನಿಸ್ ಅವರ ಮಣ್ಣು ಮುಗಿಸಿ ನಿಮ್ಮ ಮನೆಗೆ ಬಂದ್ವಿ. ಕೂತಿರಬೇಕಾದ ನೀವೇ ಎದ್ದು ಎಲ್ಲರಿಗೂ ನೀರು ಕೊಟ್ರಿ. ನಾನು ಅಭ್ಯಾಸದಿಂದ ಯೈಶೆಕ್ ಅಂದೆ. ನೀವು ‘ಯಾಕೆ?’ ಅಂದ್ರಿ.”

“ನನಗೆ ನೆನಪಿಲ್ಲ.”

“ನಂಗಿದೆ. ಬದುಕಿರಿ ಅಂದ್ರೆ ಯಾಕೆ ಅಂದ್ರಿ. ಆಮೇಲೆ ನಾಲಿಗೆ ಏಳಲಿಲ್ಲ. ದಿನಾ ಹೇಳಬೇಕು ಅನ್ಸುತ್ತೆ. ಹೇಳಲಾರದೆ ಪಕ್ಕದಲ್ಲಿ ಕೂರೋದಕ್ಕಿಂತ ಆ ಚಳೀನೇ ವಾಸಿ.”

ಕೆಳಗೆ ಟ್ರಾಮ್ ಹಾದುಹೋಯಿತು. ನನಗೆ ದಣಿವಾಗಿತ್ತು, ಈಗಲೂ ಇದೆ. ಆದರೆ ಆ ಕುರ್ಚಿ ಖಾಲಿಯಾದರೆ ಬರುವ ದಣಿವನ್ನು ಹೊರಲಾರೆ ಎಂದು ಆಗ ಗೊತ್ತಾಯಿತು.

“ಬ್ರಸೆಲ್ಸ್‌ಗೆ ಪಕ್ಕದ ಕೋಣೆಯ ಹೇದಿ ಹೋಗಲಿ,” ಎಂದೆ. “ಅವನ ಹತ್ರ ಕೋಟು ಇದೆ.”

ಲಸ್ಸಾದ್ ತಲೆಯೆತ್ತಿದ. ಕಾಫಿ ಆರುತ್ತಿತ್ತು.

“ಯೈಶೆಕ್, ದುರ್ರಾ.”

‘ಮದಾಮ್’ ಇರಲಿಲ್ಲ. ‘ಯಾಕೆ?’ ಎಂದು ಈ ಸಲ ನಾನೂ ಕೇಳಲಿಲ್ಲ.